ಮೀಡಿಯಾ ಹೇಳಿದ್ದೇನು, ಎಷ್ಟನೇ ಸಾಲಿನಲ್ಲಿ?

ಗ್ರೀಕ್ ನಾಟಕದ ಮೇಲೆ ವಿದ್ಯಾರ್ಥಿಗಳು ಬರೆದ ಪ್ರಬಂಧಗಳನ್ನು ತಿದ್ದಲು ಕೂತಾಗಲೆಲ್ಲ ಒಂದು ವಾಕ್ಯ ಕಣ್ಣಿಗೆ ಬಿದ್ದೇ ಬೀಳುತ್ತದೆ: “ತಿರಸ್ಕೃತಳಾದ ಹೆಣ್ಣಿನ ಕೋಪದಂಥದ್ದು ನರಕದಲ್ಲೂ ಇಲ್ಲ ಎಂದು ಯೂರಿಪಿಡೀಸ್ ಹೇಳುತ್ತಾನೆ.” ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಹಾಗೆ ಹೇಳಿಲ್ಲ. ಆ ಮಾತಿನ ಮೂಲ ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷ್ ನಾಟಕಕಾರನ ‘ದ ಮೌರ್ನಿಂಗ್ ಬ್ರೈಡ್’. ಅದು 1697ರ ನಾಟಕ. ಯೂರಿಪಿಡೀಸನ ‘ಮೀಡಿಯಾ’ ನಾಟಕ ಅಥೆನ್ಸಿನಲ್ಲಿ ರಂಗಕ್ಕೆ ಬಂದದ್ದು ಕ್ರಿ.ಪೂ. 431ರಲ್ಲಿ. ನಡುವೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಅಂತರವಿದೆ.

ಹಾಗಾದರೆ ಇದಕ್ಕೆ ಹತ್ತಿರದ ಮಾತು ‘ಮೀಡಿಯಾ’ದಲ್ಲಿ ಇಲ್ಲವೇ? ಇದೆ. 263ರಿಂದ 266ನೇ ಸಾಲು ನೋಡಿ. ಕನ್ನಡದಲ್ಲಿ ಹೇಳುವುದಾದರೆ: “ಹೆಣ್ಣು ಬೇರೆಲ್ಲದಕ್ಕೂ ಅಂಜುತ್ತಾಳೆ, ಕಾಳಗವೆಂದರೆ, ಕತ್ತಿ ಕಂಡರೆ ಹಿಂಜರಿಯುತ್ತಾಳೆ. ಆದರೆ ಹಾಸಿಗೆಯ ವಿಷಯದಲ್ಲಿ ಅನ್ಯಾಯವಾಯಿತೋ, ಅವಳಷ್ಟು ನೆತ್ತರು ಬೇಡುವ ಮನಸ್ಸು ಇನ್ನೊಂದಿಲ್ಲ.” ಈ ಮಾತು ಯೂರಿಪಿಡೀಸನ ತೀರ್ಪಲ್ಲ. ಮೀಡಿಯಾ ತನ್ನ ಬಾಯಾರೆ ಆಡುವ ಮಾತು. ಆಡುವುದು ಯಾರೆದುರು? ಮನೆ ಮುಂದೆ ಬಂದು ನಿಂತ ಕೊರಿಂಥ್ ಊರಿನ ಹೆಂಗಸರ ಎದುರು. ಯಾಕೆ? ತಾನು ಸೇಡಿಗೆ ದಾರಿ ಹುಡುಕಿದರೆ ನೀವು ಬಾಯಿ ಬಿಡಬಾರದು ಎಂದು ಕೇಳಿಕೊಳ್ಳುವುದಕ್ಕೆ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರೀಕಿನಲ್ಲಿ ಅಲ್ಲಿರುವುದು ‘ತಿರಸ್ಕೃತಳಾದ’ ಎಂಬ ಪದವಲ್ಲ, ‘ಅನ್ಯಾಯಕ್ಕೊಳಗಾದ’ ಎಂಬ ಪದ. ಪ್ರೀತಿ ಕೈತಪ್ಪಿದವಳ ಭಾಷೆ ಬೇರೆ, ನ್ಯಾಯ ಕೇಳುವವಳ ಭಾಷೆ ಬೇರೆ. ಈ ಒಂದು ಪದ ಹಿಡಿದು ಹೊರಟರೆ ಇಡೀ ನಾಟಕದ ಬಣ್ಣ ಬದಲಾಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಅದರ ಎಳೆ ಇಷ್ಟು. ಕಪ್ಪು ಸಮುದ್ರದ ಆಚೆ ತುದಿಯ ಕೊಲ್ಕಿಸ್ ದೇಶದ ರಾಜಕುಮಾರಿ ಮೀಡಿಯಾ. ಸೂರ್ಯದೇವ ಹೀಲಿಯೋಸನ ಮೊಮ್ಮಗಳು, ಮದ್ದುಮಾಟ ಬಲ್ಲವಳು. ಚಿನ್ನದ ಉಣ್ಣೆಯ ತೊಗಲು ತರಲು ಆರ್ಗೋ ಹಡಗೇರಿ ಬಂದ ಜೇಸನ್‌ಗೆ ಮನಸೋತು, ಅವನ ಪ್ರಾಣ ಉಳಿಸಿದಳು, ಅವನಿಗಾಗಿ ತಂದೆಗೆ ದ್ರೋಹ ಬಗೆದಳು, ಒಡಹುಟ್ಟಿದವನನ್ನೇ ಕೊಂದಳು. ಅವನ ಹಗೆ ಪೀಲಿಯಸ್‌ನನ್ನು ಸ್ವಂತ ಹೆಣ್ಣುಮಕ್ಕಳ ಕೈಯಿಂದಲೇ ಕೊಲ್ಲಿಸಿದಳು. ನಾಟಕ ಶುರುವಾಗುವ ಹೊತ್ತಿಗೆ ಇಬ್ಬರೂ ದೇಶಭ್ರಷ್ಟರಾಗಿ ಕೊರಿಂಥ್‌ನಲ್ಲಿದ್ದಾರೆ, ಇಬ್ಬರು ಗಂಡುಮಕ್ಕಳಿದ್ದಾರೆ, ಜೇಸನ್ ಆ ಊರಿನ ದೊರೆ ಕ್ರಿಯಾನ್‌ನ ಮಗಳನ್ನು ಮದುವೆಯಾಗಿದ್ದಾನೆ. ದೊರೆ ಮೀಡಿಯಾಳನ್ನು ಗಡೀಪಾರು ಮಾಡಲು ಬರುತ್ತಾನೆ. ಅವಳು ಅವನ ಕಾಲು ಹಿಡಿದು ಒಂದೇ ಒಂದು ದಿನದ ಗಡುವು ಪಡೆಯುತ್ತಾಳೆ. ಆ ಒಂದು ದಿನದಲ್ಲಿ ವಿಷ ಸವರಿದ ಸೀರೆ, ಚಿನ್ನದ ಕಿರೀಟ ಕಳಿಸಿ ಹೊಸ ಹೆಂಡತಿಯನ್ನು ಸುಡುತ್ತಾಳೆ. ಮಗಳನ್ನು ತಬ್ಬಿದ ದೊರೆಯೂ ಅವಳಿಗೇ ಅಂಟಿಕೊಂಡು ಸಾಯುತ್ತಾನೆ. ಕೊನೆಗೆ ತನ್ನ ಮಕ್ಕಳಿಬ್ಬರನ್ನೂ ತಾನೇ ಕೊಂದು, ಅಜ್ಜ ಕೊಟ್ಟ ರಥವೇರಿ ಅಥೆನ್ಸಿಗೆ ಹೋಗುತ್ತಾಳೆ.

ಇಷ್ಟನ್ನೇ ಓದಿದರೆ ಸವತಿ ಮತ್ಸರದ ಕಥೆ ಎನ್ನಿಸುವುದು ಸಹಜ. ಜೇಸನ್ ಕೂಡ ಹಾಗೇ ಅರ್ಥ ಮಾಡಿಕೊಳ್ಳುತ್ತಾನೆ, ಅವನ ದೃಷ್ಟಿಯಲ್ಲಿ ಇದೆಲ್ಲ ಹಾಸಿಗೆಯ ಜಗಳ. ಆದರೆ ನಾಟಕವನ್ನು ಸಾಲು ಸಾಲಾಗಿ ಓದಿದವರಿಗೆ ಮೊದಲು ಕಿವಿಗೆ ಬೀಳುವ ಪದ ‘ಹೊರ್ಕೊಸ್’, ಅಂದರೆ ಆಣೆ. ಮೀಡಿಯಾ ರಂಗಕ್ಕೆ ಬರುವ ಮೊದಲೇ, ಅವಳ ಸಾಕುದಾದಿ ಹೇಳುತ್ತಾಳೆ: ಅವಳು ಆಣೆಗಳನ್ನು ಕೂಗಿ ಕರೆಯುತ್ತಿದ್ದಾಳೆ, ಬಲಗೈ ಕೊಟ್ಟು ಮಾಡಿದ ಮಾತನ್ನು ನೆನೆಯುತ್ತಿದ್ದಾಳೆ, ತನಗೆ ಸಿಕ್ಕ ಪ್ರತಿಫಲ ಎಂಥದ್ದು ನೋಡಿ ಎಂದು ದೇವರುಗಳನ್ನು ಸಾಕ್ಷಿಗೆ ಕರೆಯುತ್ತಿದ್ದಾಳೆ (20–23). ಆಣೆಯ ಬೆಲೆಯೇ ಗ್ರೀಸಿನಿಂದ ಹಾರಿಹೋಯಿತು ಎಂದು ಮೇಳದ ಹೆಂಗಸರು, ಅಂದರೆ ಮನೆ ಮುಂದೆ ನಿಂತ ಆ ಕೊರಿಂಥ್ ಹೆಂಗಸರು, ಹಾಡುತ್ತಾರೆ (439–440). ಜೇಸನ್ ಎದುರು ಬಂದಾಗ ಅವಳ ಮಾತು ಅದೇ: ಆಣೆಯ ಮೇಲಿನ ನಂಬಿಕೆ ಹೋಯಿತು, ಅಯ್ಯೋ ಈ ನನ್ನ ಬಲಗೈ, ನೀನು ಎಷ್ಟು ಸಲ ಹಿಡಿದ ಕೈ (492–496).

ಬಲಗೈ ಹಿಡಿದು ಮಾತು ಕೊಡುವುದು ಗ್ರೀಕರಲ್ಲಿ ಗಂಡಸರು ಗಂಡಸರ ನಡುವೆ, ರಾಜರು ರಾಜರ ನಡುವೆ ಮಾಡಿಕೊಳ್ಳುವ ಕರಾರು. ಅಲ್ಲಿ ಹೆಣ್ಣಿನ ಮದುವೆ ಹಾಗೆ ಆಗುತ್ತಿರಲಿಲ್ಲ. ತಂದೆ ಮಗಳನ್ನು ಅಳಿಯನ ಕೈಗೆ ಒಪ್ಪಿಸುತ್ತಿದ್ದ. ಮೀಡಿಯಾಳನ್ನು ಕೊಡುವವರು ಯಾರೂ ಇರಲಿಲ್ಲ. ಅವಳು ತನ್ನನ್ನು ತಾನೇ ಕೊಟ್ಟುಕೊಂಡವಳು, ಸಮಸಮಳಾಗಿ ನಿಂತು ಕೈ ಹಿಡಿದವಳು. ಆದ್ದರಿಂದಲೇ ಜೇಸನ್ ಮುರಿದದ್ದನ್ನು ಅವಳು ಮಾತು ತಪ್ಪಿದ ದ್ರೋಹ ಎಂದೇ ಎಣಿಸುತ್ತಾಳೆ. ಹಗೆಗಳು ತನ್ನನ್ನು ನೋಡಿ ನಗುವುದನ್ನು ಸಹಿಸಲಾರೆ ಎನ್ನುತ್ತಾಳೆ (797). ಹಗೆಗಳಿಗೆ ಭಾರವಾಗಿ, ಗೆಳೆಯರಿಗೆ ಹಿತವಾಗಿ ಬಾಳುವವರದೇ ಕೀರ್ತಿ ಎನ್ನುತ್ತಾಳೆ (807–810). ಇದು ಹೋಮರನ ವೀರರು ಆಡುವ ಭಾಷೆ. ಅದನ್ನು ಒಬ್ಬ ಹೆಂಗಸಿನ, ಅದರಲ್ಲೂ ಹೊರದೇಶದ ಹೆಂಗಸಿನ ಬಾಯಲ್ಲಿ ಇಟ್ಟದ್ದು ಯೂರಿಪಿಡೀಸನ ಎದೆಗಾರಿಕೆ. ಗ್ರೀಕ್ ನಾಟಕಕಾರ ಸೋಫೋಕ್ಲೀಸನ ‘ಈಡಿಪಸ್’‌ನಷ್ಟೇ ಎತ್ತರದಲ್ಲಿ ಈ ನಾಟಕವನ್ನು ನಾನು ಇಡುವುದು ಇದಕ್ಕಾಗಿ.

ಅಥೆನ್ಸಿನ ಪ್ರೇಕ್ಷಕರಿಗೆ ಇನ್ನೊಂದು ಮುಳ್ಳೂ ಚುಚ್ಚಿರಬೇಕು. ಕ್ರಿ.ಪೂ. 451ರಲ್ಲಿ ಅಥೆನ್ಸಿನ ಮುಖಂಡ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಕ್ಕಳಿಗೆ ಪೌರತ್ವ. ಹೊರಗಿನ ಹೆಂಡತಿಯನ್ನು ಬಿಟ್ಟು ಊರಿನ ದೊರೆಯ ಮಗಳನ್ನು ಕಟ್ಟಿಕೊಳ್ಳುವ ಜೇಸನ್‌ನ ಲೆಕ್ಕಾಚಾರ ಅವರಿಗೆ ತೀರ ಪರಿಚಿತವಾದದ್ದು. ಕೊರಿಂಥ್ ಆಗ ಅಥೆನ್ಸಿನ ಶತ್ರುಪಕ್ಷ. ನಾಟಕ ಆಡಿದ ವರ್ಷವೇ ಅಥೆನ್ಸಿಗೂ ಸ್ಪಾರ್ಟಾದ ಪಕ್ಷಕ್ಕೂ ಪೆಲೊಪೊನೇಸಿಯನ್ ಯುದ್ಧ ಶುರುವಾಯಿತು. ಆ ಶತ್ರು ಊರಿನಲ್ಲಿ ಮಕ್ಕಳನ್ನು ಕೊಂದವಳಿಗೆ ಆಸರೆ ಕೊಡುವುದು ಯಾರು? ಅಥೆನ್ಸಿನ ದೊರೆ ಈಜಿಯಸ್. ಅವನನ್ನೂ ಅವಳು ಬರಿಮಾತಿಗೆ ನಂಬುವುದಿಲ್ಲ, ಭೂಮಿಯ ಮೇಲೆ, ಹೀಲಿಯೋಸನ ಮೇಲೆ ಆಣೆ ಮಾಡಿಸಿಕೊಳ್ಳುತ್ತಾಳೆ (746–747). ಒಮ್ಮೆ ಸುಟ್ಟುಕೊಂಡ ಕೈ. ಆ ವರ್ಷದ ನಾಟಕ ಸ್ಪರ್ಧೆಯಲ್ಲಿ ಹಿಂದಿನ ತಲೆಮಾರಿನ ನಾಟಕಕಾರ ಈಸ್ಕಿಲಸ್‌ನ ಮಗ ಯೂಫೋರಿಯನ್ ಮೊದಲ ಸ್ಥಾನ, ಸೋಫೋಕ್ಲೀಸ್ ಎರಡನೆಯದು ಪಡೆದರು. ಯೂರಿಪಿಡೀಸನಿಗೆ ಮೂರನೆಯದು, ಅಂದರೆ ಕೊನೆಯದು.

ಈಗ ಉಲ್ಲೇಖದ ವಿಷಯಕ್ಕೆ ಬರುತ್ತೇನೆ. ಮೇಲೆ ಕಂಸದಲ್ಲಿ ಕೊಡುತ್ತ ಬಂದ ಸಂಖ್ಯೆಗಳು ಪುಟಸಂಖ್ಯೆಗಳಲ್ಲ, ಸಾಲುಸಂಖ್ಯೆಗಳು. ಓದುವ ದಿನಗಳಲ್ಲಿ ನಾನು ಒಂದು ಪ್ರಬಂಧದಲ್ಲಿ ಮೀಡಿಯಾಳ ಮಾತಿಗೆ ‘ಪುಟ 34’ ಎಂದು ಕೊಟ್ಟಿದ್ದೆ. ನಮ್ಮ ಮೇಷ್ಟ್ರ ಹತ್ತಿರ ಇದ್ದದ್ದು ಬೇರೆ ಅನುವಾದ. ಅವರು ತಮ್ಮ ಪುಸ್ತಕದ 34ನೇ ಪುಟ ತೆರೆದು ತೋರಿಸಿದರು. ಅಲ್ಲಿ ಮಾತಾಡುತ್ತಿದ್ದವನು ಜೇಸನ್. ಅವತ್ತಿನಿಂದ ಪುಟಸಂಖ್ಯೆ ಬಿಟ್ಟೆ.

ಇದು ನಮಗೆ ಹೊಸದೇನಲ್ಲ. ಕುಮಾರವ್ಯಾಸನ ಪದ್ಯ ಎತ್ತುವಾಗ ಯಾವ ಪ್ರಕಾಶನ, ಎಷ್ಟನೇ ಪುಟ ಎಂದು ಯಾರೂ ಕೇಳುವುದಿಲ್ಲ. ಪರ್ವ, ಸಂಧಿ, ಪದ್ಯ ಹೇಳಿದರೆ ಸಾಕು. ಪಂಪಭಾರತಕ್ಕೆ ಆಶ್ವಾಸ, ಪದ್ಯ. ಗ್ರೀಕ್ ನಾಟಕಕ್ಕೆ ಅಂಕ, ದೃಶ್ಯಗಳಿಲ್ಲ, ಆದ್ದರಿಂದ ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಎಣಿಕೆ. ‘ಮೀಡಿಯಾ’ಕ್ಕೆ ಅದು 1419. ಈ ಎಣಿಕೆ ಗ್ರೀಕ್ ಮೂಲದ್ದು, ಅನುವಾದದ್ದಲ್ಲ ಎಂಬುದನ್ನು ಮರೆಯಬಾರದು. ಅನುವಾದದ ಅಂಚಿನಲ್ಲಿ 5, 10 ಎಂದು ಅಚ್ಚಾಗಿರುವ ಅಂಕಿಗಳೂ ಒಳ್ಳೆಯ ಆವೃತ್ತಿಗಳಲ್ಲಿ ಮೂಲದವೇ ಆಗಿರುತ್ತವೆ. ಹಾಗಾಗಿ ಇಂಗ್ಲಿಷ್ ಸಾಲನ್ನು ಬೆರಳಿಟ್ಟು ಎಣಿಸಿ ಸಂಖ್ಯೆ ಹಾಕಬೇಡಿ. ನಿಮ್ಮ ಪುಸ್ತಕದಲ್ಲಿ ಅಂಕಿಯೇ ಇಲ್ಲದಿದ್ದರೆ ಗ್ರೀಕ್–ಇಂಗ್ಲಿಷ್ ಎದುರುಬದುರು ಇರುವ ಲೋಬ್ ಮಾಲೆಯ ಸಂಪುಟವನ್ನೋ (ಡೇವಿಡ್ ಕೋವಾಕ್ಸ್ ಅನುವಾದ, 1994), ಉಚಿತವಾಗಿ ಸಿಗುವ ಪರ್ಸಿಯಸ್ ಜಾಲತಾಣವನ್ನೋ ನೋಡಿ ಹೊಂದಿಸಿಕೊಳ್ಳಬಹುದು.

ಬರೆಯುವ ಕ್ರಮ ಸುಲಭ. ಕನ್ನಡ ಲೇಖನದಲ್ಲಿ (ಯೂರಿಪಿಡೀಸ್, ‘ಮೀಡಿಯಾ’, 250–251) ಎಂದರೆ ಮುಗಿಯಿತು. ಎರಡನೇ ಸಲದಿಂದ ಬರೀ ಸಾಲುಸಂಖ್ಯೆ ಸಾಕು. ಇಂಗ್ಲಿಷ್ ಸಂಶೋಧನ ಬರಹಗಳಲ್ಲಿ ‘ಯೂರ್. ಮೆಡ್.’ ಎಂದು ಚಿಕ್ಕದು ಮಾಡಿ ಮುಂದೆ ಅಂಕಿ ಹಾಕಿರುವುದು ಕಂಡರೆ ಅದೂ ಇದೇ. ಹೆಸರಿನ ಕಾಗುಣಿತ ಮೀಡಿಯಾ, ಮೆಡಿಯಾ ಎಂದು ಬೇರೆ ಬೇರೆಯಾಗಿ ಓಡಾಡುತ್ತಿದೆ, ಒಂದನ್ನು ಹಿಡಿದು ಕೊನೆತನಕ ಅದನ್ನೇ ಬಳಸಿ. ಅನುವಾದಕರ ಹೆಸರು ಮಾತ್ರ ಬಿಡಬೇಡಿ. ನೀವು ಉದ್ಧರಿಸುವ ಪದಗಳು ಅವರವು. ಇಂಗ್ಲಿಷಿನಿಂದ ನೀವೇ ಕನ್ನಡ ಮಾಡಿಕೊಂಡಿದ್ದರೆ, ಯಾರ ಇಂಗ್ಲಿಷಿನಿಂದ ಎಂದು ಹೇಳಿ, ಕನ್ನಡ ನನ್ನದು ಎಂದು ಸೇರಿಸಿ. ರೂಪಾಂತರವಾದರೆ ಇನ್ನೂ ಎಚ್ಚರ ಬೇಕು. ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ ಸೋಫೋಕ್ಲೀಸನ ‘ಏಜಾಕ್ಸ್’ ನಾಟಕದ ಎಳೆ ಹಿಡಿದು ಹುಟ್ಟಿದ್ದು, ಆದರೆ ಅದರ ಸಾಲು ಶ್ರೀಯವರದು. ಹಾಗೆಯೇ ರೋಮಿನ ಸೆನೆಕಾ ಲ್ಯಾಟಿನ್‌ನಲ್ಲಿ ಬರೆದ ‘ಮೀಡಿಯಾ’ ಬೇರೆಯೇ ನಾಟಕ. “ಈಗ ನಾನು ಮೀಡಿಯಾ ಆದೆ” ಎಂಬ ಹೆಸರಾಂತ ಉದ್ಗಾರ ಸೆನೆಕಾನದು (910). ಅದನ್ನು ಯೂರಿಪಿಡೀಸನ ತಲೆಗೆ ಕಟ್ಟಿದ ಬರಹಗಳು ಬೇಕಾದಷ್ಟಿವೆ.

ಸಾಲುಸಂಖ್ಯೆಯ ಜೊತೆಗೆ ಮಾತಾಡಿದವರ ಹೆಸರೂ ಬೇಕು. ಗಂಡಸರು ಮಕ್ಕಳನ್ನು ಬೇರೆಲ್ಲಿಂದಲಾದರೂ ಪಡೆಯುವಂತಿರಬೇಕಿತ್ತು, ಹೆಣ್ಣುಕುಲವೇ ಇರಬಾರದಿತ್ತು, ಆಗ ಮನುಷ್ಯರಿಗೆ ಯಾವ ಕೇಡೂ ಇರುತ್ತಿರಲಿಲ್ಲ ಎಂಬ ಮಾತನ್ನು (573–575) ಹಿಡಿದು ಯೂರಿಪಿಡೀಸ್ ಸ್ತ್ರೀದ್ವೇಷಿ ಎಂದು ತೀರ್ಮಾನಿಸುವವರಿದ್ದಾರೆ. ಅದು ಜೇಸನ್‌ನ ಮಾತು, ವಾದದಲ್ಲಿ ಸಿಕ್ಕಿಬಿದ್ದ ಗಂಡ ಆಡುವ ಮಾತು. ಇದೇ ನಾಟಕದಲ್ಲಿ, ಒಂದು ಸಲ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ರಣದಲ್ಲಿ ನಿಲ್ಲುವುದೇ ಮೇಲು (250–251) ಎನ್ನುವವಳು ಮೀಡಿಯಾ. ಅದನ್ನು ಎತ್ತಿಕೊಂಡು ಕವಿ ಸ್ತ್ರೀವಾದಿ ಎಂದು ಸಾಧಿಸುವುದೂ ಅದೇ ತಪ್ಪು. ಪಾತ್ರದ ಮಾತು ಪಾತ್ರದ್ದು.

ನಾಟಕದಲ್ಲಿ ಇಲ್ಲದ್ದನ್ನು ನಾಟಕದ ಮೇಲೆ ಹೇರುವುದು ಇನ್ನೊಂದು ತೊಡಕು. ದೊರೆಯ ಮಗಳಿಗೆ ಗ್ಲಾಕೆ ಎಂದೋ ಕ್ರಿಯೂಸಾ ಎಂದೋ ಹೆಸರಿಟ್ಟು ಬರೆಯುತ್ತಾರೆ. ಯೂರಿಪಿಡೀಸ್ ಅವಳಿಗೆ ಹೆಸರನ್ನೇ ಕೊಟ್ಟಿಲ್ಲ. ಹೆಸರಿಲ್ಲದ ಆ ಹುಡುಗಿ ಹೊಸ ಸೀರೆಯುಟ್ಟು, ಕನ್ನಡಿಯಲ್ಲಿ ನೋಡಿ ನಕ್ಕು, ಬಿಳಿ ಪಾದ ಮೆಲ್ಲನೆ ಇಡುತ್ತ ಕೋಣೆ ತುಂಬ ಓಡಾಡಿ, ಸೀರೆ ಹಿಂದೆ ಹೇಗೆ ಬಿದ್ದಿದೆ ಎಂದು ಮತ್ತೆ ಮತ್ತೆ ಹಿಮ್ಮಡಿಯ ಕಡೆ ತಿರುಗಿ ನೋಡುವುದನ್ನು ದೂತ ವರ್ಣಿಸುತ್ತಾನೆ (1159–1166). ಅದರ ಬೆನ್ನಲ್ಲೇ ಅವಳ ಮೈಬಣ್ಣ ಬದಲಾಗುತ್ತದೆ. ರಥಕ್ಕೆ ಸರ್ಪಗಳು ಹೂಡಿದ್ದವು ಎಂಬುದೂ ಹೀಗೇ. ಸಾಲುಗಳಲ್ಲಿರುವುದು ತಂದೆಯ ತಂದೆ ಹೀಲಿಯೋಸ್ ಕೊಟ್ಟ ರಥ ಎಂದಷ್ಟೇ (1321–1322). ಸರ್ಪಗಳು ನಾಟಕದ ಮುಂದೆ ನಂತರದವರು ಸೇರಿಸಿದ ಸಾರಾಂಶದಲ್ಲಿವೆ, ಸುಮಾರು ಕ್ರಿ.ಪೂ. 400ರ ಒಂದು ಮಣ್ಣಿನ ಪಾತ್ರೆಯ ಚಿತ್ರದಲ್ಲಿವೆ. ಆ ಪಾತ್ರೆ ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ವಸ್ತುಸಂಗ್ರಹಾಲಯದಲ್ಲಿದೆ. ಸರ್ಪರಥದ ಬಗ್ಗೆ ಬರೆಯಬೇಕಿದ್ದರೆ ಸಾರಾಂಶವನ್ನು, ಚಿತ್ರವನ್ನು ಉಲ್ಲೇಖಿಸಿ, ಸಾಲನ್ನಲ್ಲ. ಮೂರನೇ ಸ್ಥಾನದ ಸಂಗತಿಯೂ ಅಂಥ ಮುನ್ನುಡಿಯಿಂದಲೇ ಬಂದದ್ದು.

ಇನ್ನು ಈ ನಾಟಕದಲ್ಲಿ ಅತಿ ಹೆಚ್ಚು ಎತ್ತಿ ಆಡುವ ಸಾಲುಗಳು, 1078ರಿಂದ 1080. ಮಕ್ಕಳು ಎದುರಿಗಿದ್ದಾರೆ. ಅವರ ಕಣ್ಣು, ನಗು ನೋಡಿ ಮೀಡಿಯಾಳ ಎದೆ ಕರಗುತ್ತದೆ. ಆಗುವುದಿಲ್ಲ, ಹಿಂದಿನ ಯೋಚನೆಗಳಿಗೆಲ್ಲ ವಿದಾಯ ಎನ್ನುತ್ತಾಳೆ. ಮರುಕ್ಷಣ, ಹಗೆಗಳನ್ನು ಸುಮ್ಮನೆ ಬಿಟ್ಟು ನಗೆಪಾಟಲಾಗಲೇ ಎನ್ನುತ್ತಾಳೆ. ಹೀಗೆ ಅತ್ತಿತ್ತ ತೂಗಿ ಕೊನೆಗೆ ಹೇಳುತ್ತಾಳೆ: “ನಾನು ಮಾಡಹೊರಟಿರುವುದು ಎಂಥ ಕೇಡು ಎಂದು ನನಗೆ ಗೊತ್ತು. ಆದರೆ ನನ್ನ ಬೂಲೆಉಮತಗಳಿಗಿಂತ ಥೂಮೊಸ್ ಬಲವಾದದ್ದು. ಮನುಷ್ಯರ ಅತಿ ದೊಡ್ಡ ಕೇಡುಗಳಿಗೆಲ್ಲ ಅದೇ ಕಾರಣ.”

ಎರಡು ಗ್ರೀಕ್ ಪದಗಳನ್ನು ಬೇಕೆಂದೇ ಹಾಗೇ ಬಿಟ್ಟೆ. ‘ಥೂಮೊಸ್’ ಎಂದರೆ ಕೋಪ, ಆವೇಶ, ಎದೆಗಿಚ್ಚು, ಕೆಚ್ಚು. ಹೋಮರನಲ್ಲಿ ವೀರನನ್ನು ಯುದ್ಧಕ್ಕೆ ನೂಕುವುದೂ ಅದೇ. ‘ಬೂಲೆಉಮತ’ ಎಂದರೆ ಯೋಚಿಸಿ ಮಾಡಿದ ತೀರ್ಮಾನಗಳು, ಹಂಚಿಕೆಗಳು. ಬಹಳ ಅನುವಾದಕರು ಎರಡನೆಯದನ್ನು ‘ವಿವೇಕ’ ಎಂದು ಮಾಡಿ, ವಿವೇಕವನ್ನು ಆವೇಶ ಗೆದ್ದಿತು ಎಂಬ ಅರ್ಥ ಹೊರಡಿಸುತ್ತಾರೆ. ಗೊತ್ತಿದ್ದೂ ತಪ್ಪು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉದಾಹರಣೆಯಾಗಿ ಸ್ಟೋಯಿಕ್ ತತ್ವಜ್ಞಾನಿಗಳು ಈ ಸಾಲುಗಳನ್ನು ಚರ್ಚಿಸಿದರು. ಕ್ರಿಸಿಪ್ಪಸ್, ಎಪಿಕ್ಟೀಟಸ್ ಇಬ್ಬರಿಗೂ ಇವು ಬೇಕಾದವು.

ಆದರೆ ಸ್ವಲ್ಪ ಹಿಂದಕ್ಕೆ ಹೋಗಿ. 769, 772ರಲ್ಲಿ ಅವಳು ತನ್ನ ಸೇಡಿನ ಹಂಚಿಕೆ ಬಿಚ್ಚಿ ಹೇಳುವಾಗ ಬಳಸುವ ಪದ ‘ಬೂಲೆಉಮತ’. 1044ರಲ್ಲಿ, 1048ರಲ್ಲಿ ‘ವಿದಾಯ’ ಹೇಳುವುದು ಅದೇ ಬೂಲೆಉಮತಗಳಿಗೆ, ಅಂದರೆ ಕೊಲೆಯ ಹಂಚಿಕೆಗೆ. ಮೂವತ್ತು ಸಾಲು ಕಳೆಯುವುದರಲ್ಲಿ ಅದೇ ಪದಕ್ಕೆ ‘ಕೊಲೆ ಬೇಡವೆನ್ನುವ ವಿವೇಕ’ ಎಂಬ ಅರ್ಥ ಹೇಗೆ ಬಂತು? ಅದಕ್ಕೇ ಕೆಲವು ವಿದ್ವಾಂಸರು ‘ಬಲವಾದದ್ದು’ ಎಂಬಲ್ಲಿ ‘ಒಡೆಯ’ ಎಂದು ಓದುತ್ತಾರೆ: ನನ್ನ ಹಂಚಿಕೆಗಳಿಗೆ ಥೂಮೊಸ್ಸೇ ಒಡೆಯ. ಆಗ ಅಲ್ಲಿ ವಿವೇಕಕ್ಕೂ ಆವೇಶಕ್ಕೂ ಜಗಳವೇ ಇಲ್ಲ. ಅವಳ ಬುದ್ಧಿ, ಅವಳ ಕೆಚ್ಚು ಎರಡೂ ಒಂದೇ ನೊಗಕ್ಕೆ ಹೂಡಿಕೊಂಡಿವೆ. ಎದುರು ನಿಂತಿರುವುದು ಮಕ್ಕಳ ಮೇಲಿನ ಮಮತೆಯೊಂದೇ. ನನಗೆ ಈ ಓದು ಹೆಚ್ಚು ಸರಿ ಎನ್ನಿಸುತ್ತದೆ, ಆಣೆಯ ಎಳೆಗೂ ಇದು ಹೊಂದುತ್ತದೆ. ಅವಳಿಗೆ ತಲೆ ಕೆಟ್ಟಿಲ್ಲ. ಲೆಕ್ಕ ಹಾಕಿ ಮಾಡುತ್ತಿದ್ದಾಳೆ, ಭಯ ಹುಟ್ಟಿಸುವುದು ಅದೇ.

ಇನ್ನೂ ಒಂದು ಸಿಕ್ಕಿದೆ. ಈ ಸಾಲುಗಳು ಯೂರಿಪಿಡೀಸನವೇ ಎಂಬುದರ ಬಗ್ಗೆಯೇ ತಕರಾರಿದೆ. 1062–1063ನೇ ಸಾಲುಗಳು 1240–1241ರಲ್ಲಿ ಮತ್ತೆ ಬರುತ್ತವೆ. ಸುತ್ತಲಿನ ಮಾತುಗಳೂ ಒಂದಕ್ಕೊಂದು ಹೊಂದುವುದಿಲ್ಲ. ನಂತರದ ನಟರು, ನಾಟಕ ಮಂಡಳಿಗಳು ಮಾತು ಬೆಳೆಸುವುದು ಆಗಲೂ ಇತ್ತು. ಜೇಮ್ಸ್ ಡಿಗಲ್ ಆಕ್ಸ್‌ಫರ್ಡ್‌ಗಾಗಿ 1984ರಲ್ಲಿ ಸಂಪಾದಿಸಿದ ಪಠ್ಯದಲ್ಲಿ 1056ರಿಂದ 1080ರವರೆಗೆ ಪೂರ್ತಿ ಚೌಕ ಕಂಸದೊಳಗಿದೆ. ಚೌಕ ಕಂಸ ಎಂದರೆ ಸಂಪಾದಕ ಇದನ್ನು ಪ್ರಕ್ಷಿಪ್ತ, ಅಂದರೆ ನಂತರ ಬೇರೆಯವರು ಸೇರಿಸಿದ್ದು, ಎಂದು ತಿಳಿದಿದ್ದಾನೆ ಎಂದು ಅರ್ಥ. ಸಾಲು ತೆಗೆದರೂ ಸಂಖ್ಯೆ ಹಾಗೇ ಉಳಿಯುತ್ತದೆ, ಆದ್ದರಿಂದ ನಿಮ್ಮ ಉಲ್ಲೇಖ ಎಲ್ಲ ಆವೃತ್ತಿಗಳಲ್ಲೂ ಕೂಡುತ್ತದೆ. ಎಲ್ಲ ವಿದ್ವಾಂಸರೂ ಡಿಗಲ್‌ನನ್ನು ಒಪ್ಪಿಲ್ಲ. ಈ ಸಾಲುಗಳ ಮೇಲೆ ಇಡೀ ವಾದ ಕಟ್ಟುವವರು ತಕರಾರಿನ ಬಗ್ಗೆ ಒಂದು ವಾಕ್ಯವಾದರೂ ಬರೆಯಬೇಕು, ಯಾರ ಸಂಪಾದನೆ ಬಳಸಿದೆ ಎಂದು ಹೇಳಬೇಕು.

ಕೊನೆಯ ದೃಶ್ಯಕ್ಕೆ ಬರೋಣ. ಮಕ್ಕಳು ಸತ್ತ ಸುದ್ದಿ ಕೇಳಿದ ಜೇಸನ್ ಬಾಗಿಲು ತೆಗೆಯಿರಿ, ಅಗುಳಿ ಎಳೆಯಿರಿ ಎಂದು ಆಳುಗಳಿಗೆ ಕೂಗುತ್ತಾನೆ (1314–1316). ಗ್ರೀಕ್ ರಂಗದಲ್ಲಿ ಮನೆಯೊಳಗಿನ ಹೆಣಗಳನ್ನು ಬಾಗಿಲಿನಿಂದ ಹೊರಗೆ ಉರುಳಿಸಿ ತೋರಿಸುವ ಗಾಲಿಹಲಗೆ ಇತ್ತು. ಪ್ರೇಕ್ಷಕರ ಕಣ್ಣೂ ಬಾಗಿಲ ಮೇಲೇ ಇದ್ದಿರಬೇಕು. ಅವಳು ಬಾಗಿಲಲ್ಲಿ ಬರುವುದಿಲ್ಲ. ದೇವರುಗಳನ್ನು ಇಳಿಸುವ ರಾಟೆಯ ಮೇಲೆ, ಮಾಡಿಗಿಂತ ಎತ್ತರದಲ್ಲಿ, ಮಕ್ಕಳ ಹೆಣಗಳೊಂದಿಗೆ ಕಾಣಿಸಿಕೊಳ್ಳುತ್ತಾಳೆ. ನಾಟಕದ ಮುಕ್ತಾಯ ಕಥೆಯೊಳಗಿಂದಲೇ ಬರಬೇಕು, ರಾಟೆಯಿಂದಲ್ಲ ಎಂದು ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ಇದೇ ದೃಶ್ಯವನ್ನು ಆಕ್ಷೇಪಿಸುತ್ತಾನೆ (1454ಬಿ, ಅರಿಸ್ಟಾಟಲ್‌ಗೆ ಬೆಕ್ಕರ್ ಸಂಪಾದನೆಯ ಪುಟ, ಅಂಕಣ ಕೊಡುವುದು ರೂಢಿ). ನನಗೆ ಆ ಆಕ್ಷೇಪ ಹಿಡಿಸುವುದಿಲ್ಲ. ಮೊದಲ ಸಾಲುಗಳಿಂದಲೂ ಅವಳು ಕರೆಯುತ್ತ ಬಂದ ದೇವರುಗಳು ಯಾರೂ ಬರಲಿಲ್ಲ. ಅವರು ನಿಲ್ಲಬೇಕಾದ ಜಾಗದಲ್ಲಿ ಅವಳೇ ನಿಂತಿದ್ದಾಳೆ. ಆಣೆ ತಪ್ಪಿದವನ ಮಾತನ್ನು ಯಾವ ದೇವರು ಕೇಳುತ್ತಾನೆ ಎಂದು ಮೇಲಿನಿಂದ ಕೇಳುತ್ತಾಳೆ (1391–1392).

ನಾಟಕ ಮುಗಿಯುವುದು ಮೇಳದ ಐದು ಸಾಲುಗಳಿಂದ: ದೇವರುಗಳ ದೊರೆ ಜೀಯೂಸ್ ಬಹಳ ಸಂಗತಿಗಳನ್ನು ಹಂಚುತ್ತಾನೆ, ನಿರೀಕ್ಷಿಸಿದ್ದು ಆಗುವುದಿಲ್ಲ, ನಿರೀಕ್ಷಿಸದ್ದಕ್ಕೆ ದೇವರು ದಾರಿ ಮಾಡುತ್ತಾನೆ (1415–1419). ಇದನ್ನೇ ಕವಿಯ ಕೊನೆಯ ಮಾತು ಎಂದು ಪ್ರಬಂಧದ ತುದಿಗೆ ಅಂಟಿಸುವವರು ಒಂದನ್ನು ಗಮನಿಸಬೇಕು. ಮೊದಲ ಸಾಲೊಂದನ್ನು ಬಿಟ್ಟರೆ ಇವೇ ಸಾಲುಗಳು ಅವನ ‘ಆಲ್ಸೆಸ್ಟಿಸ್’, ‘ಆಂಡ್ರೊಮಾಕಿ’, ‘ಹೆಲೆನ್’, ‘ಬಾಕೈ’ ನಾಟಕಗಳ ಕೊನೆಯಲ್ಲೂ ಇವೆ, ಇಲ್ಲಿಗೆ ಯಾರೋ ತಂದು ಸೇರಿಸಿರಬಹುದು ಎಂಬ ಅನುಮಾನವೂ ಇದೆ. ಕೊನೆಗೊಂದು ಸಾಲು ಬೇಕೇ ಬೇಕು ಎನ್ನುವವರು ಅದಕ್ಕೂ ಮುಂಚಿನದನ್ನು ತೆಗೆದುಕೊಳ್ಳಲಿ. ಮಕ್ಕಳ ಮೆತ್ತನೆಯ ಮೈಯನ್ನು ಒಮ್ಮೆ ಮುಟ್ಟಲು ಬಿಡು ಎಂದು ಜೇಸನ್ ಬೇಡುತ್ತಾನೆ (1402–1403). ಅವಳು ಬಿಡುವುದಿಲ್ಲ. ನಿನ್ನ ಕೈಯಲ್ಲಿ ಸಾಯುವುದನ್ನು ನೋಡಲಿಕ್ಕೆ ನಾನು ಅವರನ್ನು ಹುಟ್ಟಿಸಲೇಬಾರದಿತ್ತು ಎನ್ನುತ್ತಾನೆ (1413–1414). ರಥ ಅಷ್ಟು ಹೊತ್ತಿಗೆ ಅವನ ಕೈಗೆಟುಕದಷ್ಟು ಮೇಲಿದೆ.